ಕುಲಾಲಚಕ್ರದ ಭ್ರಮಣವಿಚಾರ

ಕುಂಬಾರನು ದಂಡವನ್ನು ತೆಗೆದ ಮೇಲೆಯೂ ಚಕ್ರವು ಕೆಲವು ಕಾಲ ತಿರುಗುತ್ತಿರುವುದು ಸರ್ವರಿಗೂ ವಿದಿತವಾದ ಸಂಗತಿ. ಜ್ಞಾನೋದಯವಾದ ಬಳಿಕವೂ ಶರೀರವು ನಿಂತಿರುವುದಕ್ಕೆ ಈಶ್ವರಕೃಷ್ಣನು ಸಾಂಖ್ಯಕಾರಿಕೆಯ ೬೭ನೆಯ ಕಾರಿಕೆಯಲ್ಲಿ ಇದನ್ನೇ ದೃಷ್ಟಾಂತವಾಗಿ ಕೊಟ್ಟಿರುವನು. ಆದರೆ ಆ ಚಕ್ರವು ಕಡೆಗೆ ನಿಲ್ಲುವುದೇಕೆ? ಕಾಲಪರಿಪಾಕದಿಂದ ವೇಗಸಂಸ್ಕಾರವು ಉಪರತವಾಗುವುದೆಂದು ತತ್ತ್ವಕೌಮುದಿಯಲ್ಲಿ ವಾಚಸ್ಪತಿಮಿಶ್ರರ ಅಭಿಪ್ರಾಯ. ವೈಶೇಷಿಕಭಾಷ್ಯಕಾರರಾದ ಪ್ರಶಸ್ತಪಾದರಾದರೋ, ಸ್ಪರ್ಶವುಳ್ಳ ದ್ರವ್ಯದ ಸಂಯೋಗವಿಶೇಷವೇ ವೇಗಕ್ಕೆ ವಿರೋಧಿಯೆನ್ನುವರು. ಇವೆರಡರಲ್ಲಿ ಯಾವುದು ಯಂತ್ರಶಾಸ್ತ್ರಕ್ಕೆ ಸಮ್ಮತವೆಂಬುದು ಗಣಿತದಿಂದ ನಿರ್ಣಯವಾಗತಕ್ಕ ವಿಷಯ.

ಮೊದಲು ಪರಿಭಾಷೆ. ಅಕ್ಷದಿಂದ ಬಲದ ರೇಖೆಗಿರುವ ಲಂಬದೂರವನ್ನು ಬಲದಿಂದ ಗುಣಿಸಿದರೆ ಬರುವುದು ಭ್ರಾಮಕ. ಇದನ್ನೇ ಟಾರ್ಕ್ ಎನ್ನುವರು. ದಂಡವನ್ನು ಅಕ್ಷದ ಕಡೆಗೇ ನೇರವಾಗಿ ಒತ್ತಿದರೆ ಬಲವೆಷ್ಟಿದ್ದರೂ ಭ್ರಾಮಕವು ಶೂನ್ಯ. ಅಂಚಿನ ಬಳಿ ಸ್ಪರ್ಶರೇಖೆಯಲ್ಲಿ ನೂಕಿದರೆ ಅಲ್ಪಬಲವೂ ಸಾರ್ಥಕ. ಭ್ರಮಣದ ಬದಲಾವಣೆಗೆ ಚಕ್ರವು ಒಡ್ಡುವ ಪ್ರತಿರೋಧವು ಭ್ರಮಣಜಡತ್ವ. ಪ್ರತಿಯೊಂದು ಅಂಶದ ದ್ರವ್ಯರಾಶಿಯನ್ನೂ ಅಕ್ಷದಿಂದ ಅದಕ್ಕಿರುವ ದೂರದ ವರ್ಗದಿಂದ ಗುಣಿಸಿ ಕೂಡಿಸಿದರೆ ಇದು ದೊರೆಯುವುದು. ೧೭೬೫ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಆಯ್ಲರನು ಘನವಸ್ತುಗಳ ಚಲನೆಯನ್ನು ವಿಸ್ತರಿಸಿರುವನು. ನಿವ್ವಳ ಭ್ರಾಮಕವನ್ನು ಭ್ರಮಣಜಡತ್ವದಿಂದ ಭಾಗಿಸಿದರೆ ಬರುವುದೇ ಕೋನೀಯ ವೇಗೋತ್ಕರ್ಷ. ಇಲ್ಲಿಯ ಕೋನವೇಗವು ಚಲನೆಯ ಅಳತೆ ಮಾತ್ರ. ವೈಶೇಷಿಕರ ವೇಗವು ಚಲನೆಗೆ ಕಾರಣವಾದ ಸಂಸ್ಕಾರ. ಎರಡನ್ನೂ ಒಂದೆಂದು ಭ್ರಮಿಸಬಾರದು.

ಉದಾಹರಣೆಗಾಗಿ ೪೦ ಕಿಲೋಗ್ರಾಂ ತೂಕದ, ಅರ್ಧ ಮೀಟರ್ ತ್ರಿಜ್ಯದ, ಸಮನಾದ ದಪ್ಪವುಳ್ಳ ಚಕ್ರವನ್ನು ಭಾವಿಸೋಣ. ಇಂತಹ ಬಿಲ್ಲೆಯ ಭ್ರಮಣಜಡತ್ವವು ದ್ರವ್ಯರಾಶಿ ಮತ್ತು ತ್ರಿಜ್ಯವರ್ಗಗಳ ಗುಣಲಬ್ಧದ ಅರ್ಧ. ಎಂದರೆ ೫ ಕಿಲೋಗ್ರಾಂ-ಮೀಟರ್ ವರ್ಗ. ಅಕ್ಷದಿಂದ ೦.೪ ಮೀಟರ್ ದೂರದಲ್ಲಿ ದಂಡವು ೨೦ ನ್ಯೂಟನ್ ಬಲದಿಂದ ನೂಕಿದರೆ ಭ್ರಾಮಕವು ೮ ನ್ಯೂಟನ್-ಮೀಟರ್. ಮೊಳೆಯ ಘರ್ಷಣೆಯು ೦.೫ರಷ್ಟು ಪ್ರತಿಭ್ರಾಮಕವನ್ನುಂಟುಮಾಡುವುದಾದರೆ ಉಳಿಯುವುದು ೭.೫. ಇದನ್ನು ೫ರಿಂದ ಭಾಗಿಸಲು ವೇಗೋತ್ಕರ್ಷವು ಸೆಕೆಂಡ್ ವರ್ಗಕ್ಕೆ ೧.೫ ರೇಡಿಯನ್. (ಒಂದು ಪೂರ್ಣ ಸುತ್ತಿಗೆ ಸುಮಾರು ೬.೨೮ ರೇಡಿಯನ್.) ೬ ಸೆಕೆಂಡುಗಳ ಕೊನೆಗೆ ಕೋನವೇಗವು ೯ ರೇಡಿಯನ್, ಎಂದರೆ ನಿಮಿಷಕ್ಕೆ ಸುಮಾರು ೮೬ ಸುತ್ತು.

ಈಗ ದಂಡವನ್ನು ತೆಗೆಯಲಾಗಿ ಘರ್ಷಣೆಯೊಂದೇ ಉಳಿಯುವುದು. ೦.೫ನ್ನು ೫ರಿಂದ ಭಾಗಿಸಿದರೆ ಕೋನವೇಗವು ಸೆಕೆಂಡಿಗೆ ೦.೧ರಂತೆ ಕುಗ್ಗುವುದು, ಚಕ್ರವು ೯೦ ಸೆಕೆಂಡುಗಳಲ್ಲಿ ಸುಮಾರು ೬೪ ಸುತ್ತು ತಿರುಗಿ ನಿಲ್ಲುವುದು. ಅದೇ ತೂಕವೆಲ್ಲ ಅಂಚಿನಲ್ಲಿಯೇ ಇದ್ದರೆ ಭ್ರಮಣಜಡತ್ವವು ೧೦ ಆಗುವುದು. ಆಗ ಅದೇ ಕೋನವೇಗವನ್ನು ಪಡೆಯಲು ೧೨ ಸೆಕೆಂಡು ಬೇಕಾದರೂ ತಾನಾಗಿ ತಿರುಗುವ ಕಾಲವು ೧೮೦ ಸೆಕೆಂಡುಗಳಾಗುವುದು. ಅಂಚಿಗೆ ಮಣ್ಣು ಮೆತ್ತಿ ಭಾರ ಮಾಡುವ ಕುಂಬಾರರ ರೂಢಿಯ ಮರ್ಮವಿದು: ನೂಕಲು ಶ್ರಮ ಹೆಚ್ಚಾದರೂ ಮಡಕೆಯನ್ನೆತ್ತಲು ಬೇಕಾದ ಬಿಡುವು ದೊರೆಯುವುದು.

ಘರ್ಷಣೆಯನ್ನು ಅರ್ಧಕ್ಕಿಳಿಸಿದರೆ ನಿಲ್ಲುವ ಕಾಲವು ಇಮ್ಮಡಿಸುವುದು. ಪ್ರತಿಭ್ರಾಮಕವೇ ಇಲ್ಲದಿದ್ದರೆ ಚಕ್ರವು ನಿಲ್ಲದು. ಆದ್ದರಿಂದ ಕಾಲವು ತಾನಾಗಿ ಚಕ್ರವನ್ನು ನಿಲ್ಲಿಸುವುದಿಲ್ಲ. ವಿರೋಧಿಯಾದ ಸಂಯೋಗವೇ ನಿಲ್ಲಿಸುವುದು. ಈ ಅಂಶದಲ್ಲಿ ಪ್ರಶಸ್ತಪಾದರ ಮಾತು ಯಂತ್ರಶಾಸ್ತ್ರಕ್ಕೆ ಹತ್ತಿರವಾದುದು. ಇಷ್ಟರಿಂದಲೇ ಆಧುನಿಕ ನಿಯಮವು ಅವರಿಗೆ ತಿಳಿದಿದ್ದಿತೆಂದು ಸಾಧಿಸುವುದು ಯುಕ್ತವಲ್ಲ. ಚಲನೆ ಮುಂದುವರಿಯಲು ಅವರು ಸಂಸ್ಕಾರವೆಂಬ ಕಾರಣವನ್ನು ಅಪೇಕ್ಷಿಸುವರು. ಯಂತ್ರಶಾಸ್ತ್ರವಾದರೋ ಚಲನೆಯ ಬದಲಾವಣೆಗೆ ಮಾತ್ರ ಕಾರಣವನ್ನು ಕೇಳುವುದು. ವಾಚಸ್ಪತಿಮಿಶ್ರರಿಗೂ ಶರೀರಸ್ಥಿತಿಯೇ ಪ್ರಕೃತ, ಚಕ್ರವಲ್ಲ. ಹೀಗಿದ್ದರೂ ಈ ಕಾರಿಕೆಯನ್ನು ಪಾಠ ಹೇಳುವವರು ಮೊಳೆಯ ಘರ್ಷಣೆಯನ್ನೂ ಒಂದು ಮಾತಿನಲ್ಲಿ ತಿಳಿಸಿದರೆ ದೃಷ್ಟಾಂತಕ್ಕೆ ಹಾನಿಯಿಲ್ಲ. ದಂಡವಿಲ್ಲದೆಯೂ ತಿರುಗುವ ಚಕ್ರವು ಕಡೆಗೆ ನಿಲ್ಲುವುದೇಕೆಂಬ ವಿದ್ಯಾರ್ಥಿಯ ಶಂಕೆಗೂ ಸಮಾಧಾನ ದೊರೆಯುವುದು.