ಗುರಿಯಿಟ್ಟ ಔಷಧಿಯೂ ಅದರ ಅಡ್ಡ ಪರಿಣಾಮಗಳೂ

ಯಾವುದಾದರೊಂದು ಔಷಧಿ ತಪ್ಪದೆ ಗುಣ ಕೊಟ್ಟರೆ ಅದನ್ನು ‘ರಾಮಬಾಣ’ವೆಂದು ಕರೆಯುವ ರೂಢಿ ನಮ್ಮಲ್ಲಿದೆ. ಬಿಟ್ಟ ಬಾಣ ಗುರಿ ತಪ್ಪುವುದಿಲ್ಲವೆಂಬುದೇ ಆ ಮಾತಿನ ಅಭಿಪ್ರಾಯ. ಆದರೆ ಕಿಷ್ಕಿಂಧೆಯ ಪ್ರಸಂಗವನ್ನು ನೆನಪಿಗೆ ತಂದುಕೊಂಡರೆ ಇನ್ನೊಂದು ಸಂಗತಿಯೂ ಹೊಳೆಯುತ್ತದೆ. ಸುಗ್ರೀವನಿಗೆ ನಂಬಿಕೆ ಹುಟ್ಟಿಸಲೆಂದು ರಾಮನು ಬಿಟ್ಟ ಬಾಣ ಒಂದೇ. ಅದು ಭೇದಿಸಿದ ಮರಗಳು ಏಳು. ಗುರಿ ತಪ್ಪದ ಬಾಣವೂ ತನ್ನ ದಾರಿಯಲ್ಲಿ ನಿಂತ ಬೇರೆಯವನ್ನು ತಾಕದೆ ಬಿಡುವುದಿಲ್ಲ.

ಆ ಕಿಷ್ಕಿಂಧೆಯೇ ಇದೆಂದು ಜನರು ನಂಬಿರುವ ಆನೆಗೊಂದಿಯ ಸೀಮೆಯಲ್ಲಿ, ಗಂಗಾವತಿಗೆ ಸಮೀಪವಾಗಿ, ಸಾಣಾಪುರವಿದೆ. ಸುತ್ತಲೂ ಬಂಡೆಗಳ ಗುಡ್ಡ, ನಡುವೆ ಕೆರೆ, ನೀರಾವರಿಯ ಬತ್ತದ ಗದ್ದೆ, ಬಹುಕಾಲ ಸುಡುವ ಬಿಸಿಲು. ಇಂಥ ಊರಿನಲ್ಲಿ ಬಾಳುವ ಒಬ್ಬ ರೋಗಿಯನ್ನು ಕಲ್ಪಿಸಿಕೊಂಡು, ಕ್ಯಾನ್ಸರಿಗೆ ಕೊಡುವ ‘ಗುರಿಯಿಟ್ಟ ಔಷಧಿ’ಗಳ ಅಡ್ಡ ಪರಿಣಾಮಗಳನ್ನು ವಿಚಾರ ಮಾಡೋಣ. ನಾವು ಭೌತವಿಜ್ಞಾನವನ್ನು ಪಾಠ ಹೇಳುವವರೇ ಹೊರತು ವೈದ್ಯರಲ್ಲ. ಚಿಕಿತ್ಸೆಯನ್ನು ವಿಧಿಸುವುದು ನಮ್ಮ ಕೆಲಸವಲ್ಲ. ಆದರೆ ಅಡ್ಡ ಪರಿಣಾಮವು ಏಕೆ ಉಂಟಾಗುತ್ತದೆ, ಒಂದು ದಿನ ಗುಳಿಗೆ ತಪ್ಪಿದರೆ ಏನಾಗುತ್ತದೆ ಎಂಬ ಪ್ರಶ್ನೆಗಳನ್ನು ವಿದ್ಯಾರ್ಥಿಗಳಿಗೆ ತಿಳಿದಿರುವ ವಿಜ್ಞಾನದಿಂದಲೇ ಬಹುಮಟ್ಟಿಗೆ ಬಿಡಿಸಬಹುದು.

ಕೆಟ್ಟು ನಿಂತ ತೂಬು

ಹಳೆಯ ಪದ್ಧತಿಯ ಕ್ಯಾನ್ಸರ್ ಔಷಧಿಗಳು ವೇಗವಾಗಿ ವಿಭಜನೆ ಹೊಂದುವ ಜೀವಕೋಶಗಳನ್ನು ಕೊಲ್ಲುತ್ತವೆ. ಕೂದಲಿನ ಬುಡ, ಬಾಯಿ ಮತ್ತು ಕರುಳಿನ ಒಳಪದರ, ಅಸ್ಥಿಮಜ್ಜೆ ಇವುಗಳ ಕೋಶಗಳೂ ವೇಗವಾಗಿಯೇ ವಿಭಜಿಸುವುದರಿಂದ ಅವೂ ಪೆಟ್ಟು ತಿನ್ನುತ್ತವೆ. ಕೂದಲು ಉದುರುವುದು, ಬಾಯಿ ಹುಣ್ಣಾಗುವುದು ಈ ಕಾರಣದಿಂದ. ಗುರಿಯಿಟ್ಟ ಔಷಧಿಯ ಮಾರ್ಗ ಬೇರೆ. ರೋಗಕೋಶವನ್ನು ನಡೆಸುತ್ತಿರುವ ನಿರ್ದಿಷ್ಟವಾದ ಒಂದು ಅಣುವನ್ನು ಹುಡುಕಿ, ಅದನ್ನು ತಡೆಯುವುದೇ ಅದರ ಉದ್ದೇಶ.

ಇದಕ್ಕೆ ಅತ್ಯುತ್ತಮ ಉದಾಹರಣೆ ಕ್ರಾನಿಕ್ ಮೈಲಾಯ್ಡ್ ಲ್ಯುಕೀಮಿಯ ಎಂಬ ರಕ್ತದ ಕ್ಯಾನ್ಸರು. ಇದರಲ್ಲಿ ಬಿಳಿಯ ರಕ್ತಕಣಗಳು ಮಿತಿಮೀರಿ ಹೆಚ್ಚುತ್ತವೆ, ಗುಲ್ಮವು ದೊಡ್ಡದಾಗುತ್ತದೆ. ೧೯೬೦ರಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್ ಎಂಬವರು ಈ ರೋಗಿಗಳ ರಕ್ತಕೋಶಗಳಲ್ಲಿ ಅಸಾಮಾನ್ಯವಾಗಿ ಗಿಡ್ಡವಾದ ಒಂದು ವರ್ಣತಂತುವನ್ನು ಕಂಡರು. ಅದರ ಕಾರಣವನ್ನು ೧೯೭೩ರಲ್ಲಿ ಷಿಕಾಗೊದ ಜ್ಯಾನೆಟ್ ರೌಲಿ ತೋರಿಸಿಕೊಟ್ಟರು. ೯ನೆಯ ಮತ್ತು ೨೨ನೆಯ ವರ್ಣತಂತುಗಳು ಮುರಿದು, ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಂಡಿದ್ದವು. ಹೀಗೆ ತಪ್ಪಾಗಿ ಬೆಸೆದುಕೊಂಡ ಸ್ಥಳದಿಂದ ‘ಬಿಸಿಆರ್-ಏಬಿಎಲ್’ ಎಂಬ ವಿಪರೀತ ಪ್ರೋಟೀನು ತಯಾರಾಗುತ್ತದೆ.

ಈ ಪ್ರೋಟೀನು ಕೈನೇಸ್ ಎಂಬ ವರ್ಗದ ಕಿಣ್ವ. ಏಟಿಪಿ ಎಂಬ ಅಣುವಿನಿಂದ ಫಾಸ್ಫೇಟನ್ನು ಕಿತ್ತು ಮತ್ತೊಂದು ಪ್ರೋಟೀನಿಗೆ ಅಂಟಿಸುವುದು ಕೈನೇಸಿನ ಕೆಲಸ. ಹಾಗೆ ಅಂಟಿಸಿದಾಗ, ವೃದ್ಧಿಯಾಗೆಂಬ ಸಂಜ್ಞೆ ಕೋಶದೊಳಗೆ ಮುಂದಕ್ಕೆ ಹರಿಯುತ್ತದೆ. ಆರೋಗ್ಯವಾಗಿರುವ ಕೋಶದಲ್ಲಿ ಕೈನೇಸು ಕೆರೆಯ ತೂಬಿನಂತೆ: ಬೇಕಾದಾಗ ತೆರೆಯುತ್ತದೆ, ಬೇಡವಾದಾಗ ಮುಚ್ಚುತ್ತದೆ. ಬಿಸಿಆರ್-ಏಬಿಎಲ್ ಆದರೋ ಮುಚ್ಚಲಾಗದಂತೆ ಕೆಟ್ಟು ನಿಂತ ತೂಬು. ನೀರು ಹಗಲಿರುಳೂ ಗದ್ದೆಗೆ ನುಗ್ಗುತ್ತಲೇ ಇರುತ್ತದೆ.

ಇಮಾಟಿನಿಬ್ ಎಂಬ ಔಷಧಿ ಈ ತೂಬಿಗೆ ಹಾಕುವ ಬಿರಡೆ. ಏಟಿಪಿ ಬಂದು ಕೂರುವ ಗೂಡಿನಲ್ಲಿ ತಾನು ಕೂತು ಕಿಣ್ವವನ್ನು ಅದು ನಿಷ್ಕ್ರಿಯಗೊಳಿಸುತ್ತದೆ. ಬ್ರಯನ್ ಡ್ರುಕರ್ ಮೊದಲಾದವರು ೧೯೯೮ರಲ್ಲಿ ಇದನ್ನು ರೋಗಿಗಳಿಗೆ ಕೊಟ್ಟು ಪರೀಕ್ಷಿಸತೊಡಗಿದರು. ೨೦೦೧ರಲ್ಲಿ ಅಮೆರಿಕದಲ್ಲಿ ಇದರ ಬಳಕೆಗೆ ಅನುಮತಿ ದೊರೆಯಿತು. ೨೦೧೭ರಲ್ಲಿ ಪ್ರಕಟವಾದ ಒಂದು ದೀರ್ಘ ಅಧ್ಯಯನದ ಪ್ರಕಾರ, ಮೊದಲಿನಿಂದ ಈ ಔಷಧಿಯನ್ನು ಪಡೆದ ಗುಂಪಿನಲ್ಲಿ ಹತ್ತು ವರ್ಷಗಳ ತರುವಾಯ ಬದುಕಿ ಉಳಿದವರ ಪ್ರಮಾಣ ನೂರಕ್ಕೆ ಸುಮಾರು ೮೩. ಕೆಲವೇ ವರ್ಷಗಳಲ್ಲಿ ಪ್ರಾಣ ತೆಗೆಯುತ್ತಿದ್ದ ರೋಗವು ದಿನಕ್ಕೊಂದಾವರ್ತಿ ಗುಳಿಗೆ ನುಂಗಿ ಬಾಳುವ ರೋಗವಾಯಿತು. ಆದುದರಿಂದಲೇ ಅಡ್ಡ ಪರಿಣಾಮದ ಪ್ರಶ್ನೆಯೂ ಹೊಸ ಮಹತ್ವವನ್ನು ಪಡೆಯಿತು. ವಾರಗಟ್ಟಲೆ ಸಹಿಸುವುದು ಬೇರೆ. ವರ್ಷಗಟ್ಟಲೆ ಅದರೊಡನೆ ಬಾಳುವುದು ಬೇರೆ.

ಬಿರಡೆ ಒಂದು, ತೂಬು ಹಲವು

ಮನುಷ್ಯನ ದೇಹದಲ್ಲಿ ಐದುನೂರಕ್ಕೂ ಹೆಚ್ಚು ಬಗೆಯ ಕೈನೇಸುಗಳಿವೆ. ಅವೆಲ್ಲವೂ ಏಟಿಪಿಯನ್ನೇ ಬಳಸುವುದರಿಂದ ಅವುಗಳ ಗೂಡುಗಳಿಗೆ ಪರಸ್ಪರ ಹೋಲಿಕೆ ಇರುವುದು ಸಹಜ. ಇಮಾಟಿನಿಬ್ ಬಹುತೇಕ ಕೈನೇಸುಗಳನ್ನು ಮುಟ್ಟದೆ ಬಿಡುತ್ತದೆ. ಆದರೆ ‘ಕಿಟ್’ ಮತ್ತು ‘ಪಿಡಿಜಿಎಫ್’ ಗ್ರಾಹಕ ಎಂಬ ಒಂದೆರಡು ತೂಬುಗಳ ಬಾಯಿಗೆ ಇದೇ ಬಿರಡೆ ಸರಿಯಾಗಿ ಹೊಂದುತ್ತದೆ. ರೋಗಕ್ಕೂ ಅವಕ್ಕೂ ಸಂಬಂಧವಿಲ್ಲ. ಆದರೂ ಅವು ಮುಚ್ಚಿಕೊಳ್ಳುತ್ತವೆ. ಅಡ್ಡ ಪರಿಣಾಮಗಳಲ್ಲಿ ಹಲವಕ್ಕೆ ಇದೇ ಮೂಲ.

ಚರ್ಮಕ್ಕೆ ಬಣ್ಣ ಕೊಡುವ ವರ್ಣಕೋಶಗಳು ಬದುಕಿ ಕೆಲಸ ಮಾಡಲು ಕಿಟ್ ಬೇಕು. ಅದು ಮುಚ್ಚಿದರೆ ಬಣ್ಣ ತಿಳಿಯಾಗುತ್ತದೆ. ನಮ್ಮಂಥ ಕಂದುಬಣ್ಣದವರಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಹಳ್ಳಿಯಲ್ಲಿ ಇದನ್ನು ತೊನ್ನೆಂದು ಭಾವಿಸಿ, ಮನೆಯ ಮದುವೆ ಸಂಬಂಧಗಳವರೆಗೂ ಮಾತು ಬೆಳೆದರೆ ಆಶ್ಚರ್ಯವಿಲ್ಲ. ಇದು ಅಂಟುಜಾಡ್ಯವಲ್ಲ, ಔಷಧಿಯನ್ನು ನಿಲ್ಲಿಸಿದಾಗ ಅಥವಾ ಪ್ರಮಾಣವನ್ನು ತಗ್ಗಿಸಿದಾಗ ಸಾಮಾನ್ಯವಾಗಿ ಬಣ್ಣ ಮರಳುತ್ತದೆ. ಆದರೆ ಬಣ್ಣ ಕಡಿಮೆಯಾದ ಚರ್ಮಕ್ಕೆ ಬಿಸಿಲಿನ ಅತಿನೇರಿಳೆ ಕಿರಣಗಳನ್ನು ತಡೆಯುವ ಶಕ್ತಿಯೂ ಕಡಿಮೆ. ಸಾಣಾಪುರದ ಗದ್ದೆಯಲ್ಲಿ ದುಡಿಯುವವರು ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ರುಮಾಲನ್ನೋ ಸೆರಗನ್ನೋ ಹೊದ್ದು, ನಡುಹಗಲಿನ ಬಿಸಿಲನ್ನು ತಪ್ಪಿಸಿಕೊಳ್ಳುವುದು ಒಳ್ಳೆಯದು.

ದೇಹದ ಅಂಗಾಂಶಗಳಲ್ಲಿ ದ್ರವದ ಸಮತೋಲವನ್ನು ಕಾಯುವುದರಲ್ಲಿ ಪಿಡಿಜಿಎಫ್ ಗ್ರಾಹಕಕ್ಕೂ ಪಾತ್ರವಿದೆ. ಅದು ತಡೆಗೊಂಡಾಗ ನೀರು ಅಲ್ಲಲ್ಲಿ ನಿಲ್ಲುತ್ತದೆ. ಬೆಳಗ್ಗೆ ಏಳುವಾಗ ಕಣ್ಣಿನ ಸುತ್ತ ಊದಿಕೊಂಡಿರುವುದು ಈ ಔಷಧಿಯನ್ನು ಸೇವಿಸುವವರಲ್ಲಿ ಬಹಳ ಸಾಮಾನ್ಯ. ಊಟದಲ್ಲಿ ಉಪ್ಪನ್ನು ಮಿತಗೊಳಿಸಲು ವೈದ್ಯರು ಹೇಳುವುದುಂಟು. ಆದರೆ ತೂಕ ಹಠಾತ್ತಾಗಿ ಏರಿದರೆ, ಉಸಿರಾಟ ಕಷ್ಟವಾದರೆ ತಡಮಾಡದೆ ತಿಳಿಸಬೇಕು.

ರಕ್ತದ ತಯಾರಿಕೆಗೂ ಕಿಟ್ ಬೇಕಾದುದರಿಂದ ಬಿಳಿಯ ಕಣಗಳೂ ಪ್ಲೇಟ್‌ಲೆಟ್ಟುಗಳೂ ಕಡಮೆಯಾಗಬಹುದು. ಮೊದಲ ತಿಂಗಳುಗಳಲ್ಲಿ ಮತ್ತೆ ಮತ್ತೆ ರಕ್ತಪರೀಕ್ಷೆ ಮಾಡಿಸುವುದು ಅದಕ್ಕಾಗಿಯೇ. ಜ್ವರ, ರಕ್ತಸ್ರಾವ, ಕಪ್ಪು ಮಲ, ಕಣ್ಣು ಹಳದಿಯಾಗುವುದು ಇವು ಕಾಯುವ ಲಕ್ಷಣಗಳಲ್ಲ. ಆ ದಿನವೇ ವೈದ್ಯರ ಬಳಿಗೆ ಹೋಗಬೇಕಾದ ಲಕ್ಷಣಗಳು. ರಾತ್ರಿಯ ಹೊತ್ತು ಮೀನಖಂಡ ಹಿಡಿದುಕೊಳ್ಳುವುದು, ಭೇದಿ, ಆಯಾಸ ಇವೂ ಉಂಟು. ಓಕರಿಕೆ ಬರುವುದು ಹೊಟ್ಟೆಯ ಒಳಪದರಕ್ಕೆ ಗುಳಿಗೆ ಉರಿ ತರುವುದರಿಂದ. ಊಟದೊಡನೆ, ದೊಡ್ಡ ಲೋಟದ ತುಂಬ ನೀರು ಕುಡಿದು ನುಂಗಿದರೆ ಅದು ಬಹಳಷ್ಟು ತಗ್ಗುತ್ತದೆ. ಗರ್ಭದಲ್ಲಿರುವ ಶಿಶುವಿಗೆ ಈ ಔಷಧಿ ಅಪಾಯಕಾರಿ. ಮಗುವನ್ನು ಬಯಸುವ ಸ್ತ್ರೀಯರು ಮೊದಲೇ ವೈದ್ಯರೊಡನೆ ಮಾತಾಡಬೇಕು.

ಬೇರೆ ಗುರಿಯಿಟ್ಟ ಔಷಧಿಗಳಲ್ಲಿಯೂ ಇದೇ ನಿಯಮ. ಶ್ವಾಸಕೋಶದ ಕೆಲವು ಕ್ಯಾನ್ಸರುಗಳಿಗೆ ಕೊಡುವ ಗೆಫಿಟಿನಿಬ್ ಮತ್ತು ಎರ್ಲೋಟಿನಿಬ್‌ಗಳು ತಡೆಯುವ ಗ್ರಾಹಕವು ಆರೋಗ್ಯದ ಚರ್ಮದಲ್ಲಿಯೂ ಇರುವುದರಿಂದ ಮುಖ ಎದೆಗಳ ಮೇಲೆ ಮೊಡವೆಯಂಥ ಗುಳ್ಳೆಗಳೇಳುತ್ತವೆ. ಸ್ತನದ ಕೆಲವು ಕ್ಯಾನ್ಸರುಗಳಿಗೆ ಕೊಡುವ ಟ್ರಾಸ್ಟುಜುಮ್ಯಾಬ್‌ನ ಗುರಿ ಹೃದಯದ ಸ್ನಾಯುವಿನಲ್ಲಿಯೂ ಇದೆ; ಆದಕಾರಣ ಹೃದಯವನ್ನು ಆಗಾಗ ಪರೀಕ್ಷಿಸುತ್ತಾರೆ. ಗುರಿ ಎಲ್ಲೆಲ್ಲಿದೆಯೆಂದು ತಿಳಿದರೆ ಪರಿಣಾಮ ಎಲ್ಲೆಲ್ಲಿ ಕಂಡೀತೆಂದು ಊಹಿಸಬಹುದು.

ಕೆರೆಯ ಮಟ್ಟದ ಲೆಕ್ಕ

ತೊಂದರೆ ಕಂಡಾಗ ಮನುಷ್ಯನಿಗೆ ತೋಚುವ ಸುಲಭವಾದ ಉಪಾಯವೆಂದರೆ ಎರಡು ದಿನ ಗುಳಿಗೆ ಬಿಟ್ಟು ನೋಡುವುದು. ಇದರಿಂದ ಏನಾಗುತ್ತದೆಂಬುದನ್ನು ಲೆಕ್ಕ ಹಾಕೋಣ. ವಿಕಿರಣಶೀಲ ಧಾತುಗಳ ಅರ್ಧಾಯುವನ್ನು ವಾಚಕರು ತರಗತಿಯಲ್ಲಿ ಓದಿದ್ದಾರೆ. ಔಷಧಿಗಳಿಗೂ ರಕ್ತದಲ್ಲಿ ಅರ್ಧಾಯುವಿದೆ. ಇಮಾಟಿನಿಬ್‌ಗೆ ಅದು ಸುಮಾರು ೧೮ ಗಂಟೆ. ಎಂದರೆ ೨೪ ಗಂಟೆಗಳಲ್ಲಿ ಇದ್ದುದರ ನೂರಕ್ಕೆ ೪೦ ಭಾಗ ಮಾತ್ರ ಉಳಿಯುತ್ತದೆ.

ಒಂದು ದಿನದ ಔಷಧಿ ಕೆರೆಯ ಮಟ್ಟವನ್ನು ೧೦೦ ಅಂಶ ಏರಿಸುವುದೆಂದು ಇಟ್ಟುಕೊಳ್ಳೋಣ. ಮರುದಿನಕ್ಕೆ ೪೦ ಉಳಿದಿರುತ್ತದೆ. ಹೊಸ ಗುಳಿಗೆ ಸೇರಿ ೧೪೦. ಮೂರನೆಯ ದಿನ ೧೫೬, ನಾಲ್ಕನೆಯ ದಿನ ೧೬೨. ವಾರದೊಳಗೆ ಮಟ್ಟವು ೧೬೭ನ್ನು ಸಮೀಪಿಸಿ, ಅಲ್ಲಿಂದ ಮುಂದೆ ದಿನವೂ ೧೬೭ಕ್ಕೂ ೬೭ಕ್ಕೂ ನಡುವೆ ಏರಿಳಿಯುತ್ತದೆ. ವೈದ್ಯರು ಲೆಕ್ಕ ಹಾಕಿರುವುದು ಈ ಮಟ್ಟವನ್ನೇ. ಒಂದು ದಿನ ತಪ್ಪಿದರೆ ಕನಿಷ್ಠ ಮಟ್ಟ ೬೭ರಿಂದ ೨೭ಕ್ಕೆ ಇಳಿಯುತ್ತದೆ. ಎರಡು ದಿನ ತಪ್ಪಿದರೆ ೧೧ಕ್ಕೆ. ಬಿರಡೆ ಸಡಿಲವಾಯಿತು, ಕೆಟ್ಟ ತೂಬು ಮತ್ತೆ ಹರಿಯತೊಡಗಿತು. ತಪ್ಪಿದ್ದನ್ನು ತುಂಬಲೆಂದು ಎರಡು ದಿನದ್ದನ್ನು ಒಟ್ಟಿಗೆ ನುಂಗಿದರೋ, ೨೭ಕ್ಕೆ ೨೦೦ ಸೇರಿ ೨೨೭. ಇದು ನಿತ್ಯದ ಗರಿಷ್ಠಕ್ಕಿಂತಲೂ ಬಹಳ ಮೇಲೆ. ಅಡ್ಡ ಪರಿಣಾಮವನ್ನು ನಾವೇ ಕರೆದಂತಾಯಿತು. ನಿಜವಾದ ದೇಹದಲ್ಲಿ ಲೆಕ್ಕ ಇಷ್ಟು ಸರಳವಲ್ಲ, ವ್ಯಕ್ತಿಯಿಂದ ವ್ಯಕ್ತಿಗೆ ವ್ಯತ್ಯಾಸವುಂಟು. ಆದರೆ ತತ್ತ್ವ ಇದೇ.

ಲೆಕ್ಕವು ಹೇಳಿದ್ದನ್ನು ಅನುಭವವೂ ಸಮರ್ಥಿಸಿದೆ. ಲಂಡನ್ನಿನಲ್ಲಿ ೮೭ ರೋಗಿಗಳ ಔಷಧಿ ಶೀಸೆಯ ಮುಚ್ಚಳದಲ್ಲಿ ವಿದ್ಯುನ್ಮಾನ ಸಾಧನವನ್ನಿಟ್ಟು, ಅವರು ಎಷ್ಟು ಸಲ ಅದನ್ನು ತೆರೆದರೆಂದು ಮೂರು ತಿಂಗಳು ಎಣಿಸಿದರು. ೨೦೧೦ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ನೂರಕ್ಕೆ ೯೦ಕ್ಕಿಂತ ಹೆಚ್ಚು ಗುಳಿಗೆಗಳನ್ನು ಸೇವಿಸಿದವರಲ್ಲಿ, ಆರು ವರ್ಷಗಳೊಳಗೆ ರೋಗ ಅತ್ಯಲ್ಪ ಮಟ್ಟಕ್ಕೆ ಇಳಿಯುವ ಸಂಭವ ನೂರಕ್ಕೆ ೯೪ಕ್ಕೂ ಹೆಚ್ಚು, ಅದಕ್ಕಿಂತ ಕಡಮೆ ಸೇವಿಸಿದವರಲ್ಲಿ ೨೮ ಮಾತ್ರ. ತಿಂಗಳಿಗೆ ಮೂರು ಗುಳಿಗೆ ತಪ್ಪಿದರೆ ನೂರಕ್ಕೆ ಹತ್ತು ತಪ್ಪಿದಂತೆ ಎಂಬುದನ್ನು ಗಮನಿಸಬೇಕು.

ಔಷಧಿಯನ್ನು ಎಂದೆಂದಿಗೂ ನಿಲ್ಲಿಸಲಾಗದೆಂದಲ್ಲ. ಫ್ರಾನ್ಸಿನಲ್ಲಿ, ಎರಡು ವರ್ಷಗಳಿಗೂ ಹೆಚ್ಚು ಕಾಲ ಪರೀಕ್ಷೆಗೆ ರೋಗವೇ ಸಿಗದಿದ್ದ ರೋಗಿಗಳಲ್ಲಿ ಔಷಧಿಯನ್ನು ನಿಲ್ಲಿಸಿ ನೋಡಿದರು. ಒಂದು ವರ್ಷದ ತರುವಾಯ ನೂರರಲ್ಲಿ ಸುಮಾರು ೪೦ ಮಂದಿಗೆ ರೋಗ ಮರಳಿರಲಿಲ್ಲವೆಂದು ೨೦೧೦ರಲ್ಲಿ ವರದಿಯಾಯಿತು. ಆದರೆ ಅವರ ರಕ್ತವನ್ನು ಪದೇ ಪದೇ ಪರೀಕ್ಷಿಸುತ್ತ, ರೋಗ ತಲೆಯೆತ್ತಿದೊಡನೆ ಔಷಧಿಯನ್ನು ಮತ್ತೆ ಕೊಡುವ ಸಿದ್ಧತೆಯಲ್ಲಿದ್ದರು. ಕಾವಲಿಟ್ಟು ನಿಲ್ಲಿಸುವುದಕ್ಕೂ ಮರೆಯಲ್ಲಿ ನಿಲ್ಲಿಸುವುದಕ್ಕೂ ಇರುವ ಅಂತರ ಇದು.

ದೂರ, ಹಣ, ಬೇರೆ ಔಷಧಿಗಳು

ಗುಳಿಗೆ ತಪ್ಪುವುದಕ್ಕೆ ಅಡ್ಡ ಪರಿಣಾಮವೊಂದೇ ಕಾರಣವಲ್ಲ. ೧೯೭೩ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಗೆ ನಾಡಿನ ಮೂಲೆಮೂಲೆಗಳಿಂದ ಕ್ಯಾನ್ಸರ್ ರೋಗಿಗಳು ಬರುತ್ತಾರೆ. ಸಾಣಾಪುರದಿಂದ ಅಲ್ಲಿಗೆ ಮುನ್ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ನಾಟಿಯ ಕಾಲದಲ್ಲೋ ಕೊಯ್ಲಿನ ಕಾಲದಲ್ಲೋ ಹೊರಡುವುದೆಂದರೆ ದಿನಗೂಲಿಯೂ ಹೋಯಿತು. ಇನ್ನು ಹಣದ ಮಾತು. ಇಮಾಟಿನಿಬ್‌ನ ಒಂದು ಸ್ಫಟಿಕ ರೂಪಕ್ಕೆ ಪೇಟೆಂಟ್ ಬೇಕೆಂಬ ನೊವಾರ್ಟಿಸ್ ಕಂಪನಿಯ ಕೋರಿಕೆಯನ್ನು ಭಾರತದ ಸರ್ವೋಚ್ಚ ನ್ಯಾಯಾಲಯವು ೨೦೧೩ರ ಏಪ್ರಿಲ್ ೧ರಂದು ತಳ್ಳಿಹಾಕಿತು. ಆಗ ಆ ಕಂಪನಿಯ ಔಷಧಿಗೆ ತಿಂಗಳಿಗೆ ಲಕ್ಷ ರೂಪಾಯಿಗೂ ಮಿಕ್ಕ ಬೆಲೆಯಿದ್ದರೆ, ನಮ್ಮ ದೇಶದ ಕಂಪನಿಗಳು ತಯಾರಿಸಿದ ಅದೇ ಔಷಧಿ ಹತ್ತು ಸಾವಿರದ ಆಸುಪಾಸಿನಲ್ಲಿ ದೊರೆಯುತ್ತಿತ್ತು. ಆ ತೀರ್ಪಿನಿಂದ ಅಗ್ಗದ ತಯಾರಿಕೆಗೆ ಅಡ್ಡಿಯಿಲ್ಲವಾಯಿತು.

ಇನ್ನೊಂದು ಎಚ್ಚರಿಕೆ. ಈ ಔಷಧಿಯನ್ನು ಯಕೃತ್ತಿನ ಕಿಣ್ವವೊಂದು ಒಡೆದು ಹೊರಹಾಕುತ್ತದೆ. ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್ ಆ ಕಿಣ್ವವನ್ನು ಹೆಚ್ಚಿಸಿ, ರಕ್ತದಲ್ಲಿನ ಇಮಾಟಿನಿಬ್‌ನ ಮೊತ್ತವನ್ನು ಸುಮಾರು ಕಾಲುಭಾಗಕ್ಕೆ ಇಳಿಸಬಲ್ಲದು. ಮೂರ್ಛೆರೋಗದ ಫೆನಿಟಾಯಿನ್ ಕೂಡ ಹೀಗೆಯೇ. ತದ್ವಿರುದ್ಧವಾಗಿ, ಗ್ರೇಪ್‌ಫ್ರೂಟ್ ಎಂಬ ಹಣ್ಣು ಆ ಕಿಣ್ವವನ್ನು ತಡೆದು ಔಷಧಿಯ ಮಟ್ಟವನ್ನು ಏರಿಸಬಲ್ಲದು. ನಮ್ಮ ದೇವನಹಳ್ಳಿಯ ಚಕ್ಕೋತವು ಅದರ ಹತ್ತಿರದ ನೆಂಟ. ಆದುದರಿಂದ ಬೇರಾವ ಗುಳಿಗೆಯನ್ನಾಗಲಿ ನಾಟಿ ಔಷಧಿಯನ್ನಾಗಲಿ ತೆಗೆದುಕೊಳ್ಳುವ ಮೊದಲು ಕೇಳಬೇಕು. ಪಕ್ಕದ ರೋಗಿಯ ಪಥ್ಯವನ್ನು ಅನುಸರಿಸುವುದೂ ಸಲ್ಲದು. ಇದೇ ರೋಗಕ್ಕೆ ಕೊಡುವ ನಿಲೋಟಿನಿಬ್ ಎಂಬ ಔಷಧಿಯನ್ನು ಸಾಮಾನ್ಯವಾಗಿ ಬರಿಯ ಹೊಟ್ಟೆಯಲ್ಲೇ ಸೇವಿಸಬೇಕು. ಇಮಾಟಿನಿಬ್‌ನಂತೆ ಊಟದೊಡನೆ ಸೇವಿಸಿದರೆ ಅದರ ಮಟ್ಟ ಅಪಾಯಕರವಾಗಿ ಏರುತ್ತದೆ.

ಮನೆಯಲ್ಲಿ ಅಜ್ಜಿಯೋ ದೊಡ್ಡಪ್ಪನೋ ಇಂಥ ಚಿಕಿತ್ಸೆಯಲ್ಲಿದ್ದರೆ ವಿದ್ಯಾರ್ಥಿಗಳು ಮಾಡಬಹುದಾದ ಸಣ್ಣ ಕೆಲಸವೊಂದುಂಟು. ಗೋಡೆಯ ಪಂಚಾಂಗದಲ್ಲಿ ದಿನವೂ ಗುಳಿಗೆ ನುಂಗಿದ್ದಕ್ಕೆ ಒಂದು ಗುರುತು, ವಾರಕ್ಕೊಮ್ಮೆ ತೂಕ, ಊತ, ಸೆಳೆತ, ಭೇದಿ, ಚರ್ಮದ ಬದಲಾವಣೆ ಕಂಡ ದಿನ ಒಂದು ಮಾತು. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಆ ಹಾಳೆಯನ್ನು ಜೊತೆಗೆ ಕಳುಹಿಸಬೇಕು. ಪ್ರಮಾಣವನ್ನು ತಗ್ಗಿಸುವುದು, ಕೆಲವು ದಿನ ತಡೆಹಿಡಿಯುವುದು, ಬೇರೆ ಔಷಧಿಗೆ ಬದಲಾಯಿಸುವುದು ಇವೆಲ್ಲವೂ ವೈದ್ಯರ ಕೈಯಲ್ಲಿವೆ. ಆದರೆ ತೊಂದರೆಯನ್ನು ತಿಳಿಸಿದರೆ ಮಾತ್ರ. ಕಣ್ಣಿನ ಸುತ್ತಣ ಊತವನ್ನಾಗಲಿ ತಿಳಿಯಾದ ಬಣ್ಣವನ್ನಾಗಲಿ ನಾಚಿಕೆಯಿಂದ ಮುಚ್ಚಿಟ್ಟು ಗುಳಿಗೆಯನ್ನು ಬಿಟ್ಟವರಿಗೆ, ರೋಗವು ಮರಳಿ ಬರುವುದು ಆ ಊತದಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ.