ಹೊಗೆಗೆ ಹಿಡಿದ ಅಳತೆಗೋಲು

ಉಗಿಯಂತ್ರದ ದಕ್ಷತೆಯನ್ನು ಅಳೆಯುವುದು ಕಷ್ಟವಲ್ಲ. ಹೊರಬಂದ ಕೆಲಸವನ್ನು ಒಳಹೋದ ಶಾಖದಿಂದ ಭಾಗಿಸಿದರಾಯಿತು. ಆ ದಕ್ಷತೆ ಮೀರಲಾರದ ಎಲ್ಲೆಯೊಂದುಂಟೆಂಬುದನ್ನು ಕಾರ್ನೋ 1824ರಲ್ಲಿಯೇ ತೋರಿಸಿಕೊಟ್ಟನು. ಆದರೆ ಒಂದು ಪ್ರಾಂತವು ತನ್ನ ಹೊಗೆಯನ್ನು ಎಷ್ಟು ದಕ್ಷತೆಯಿಂದ ಹತೋಟಿಯಲ್ಲಿಟ್ಟಿದೆ ಎಂಬುದನ್ನು ಅಳೆಯುವುದೆಂತು? ವೆಚ್ಚವನ್ನು ಹಣದಲ್ಲಿ ಎಣಿಸಬೇಕು, ಹೊಗೆಯನ್ನು ಟನ್ನುಗಳಲ್ಲಿ. ಕಾರ್ನೋ ತೋರಿದಂಥ ಎಲ್ಲೆಯೂ ಇಲ್ಲಿಲ್ಲ.

ಇದಕ್ಕೊಂದು ಉಪಾಯವನ್ನು 1957ರಲ್ಲಿ ಅರ್ಥಶಾಸ್ತ್ರಜ್ಞ ಫಾರೆಲ್ ಸೂಚಿಸಿದನು. 1978ರಲ್ಲಿ ಚಾರ್ನ್ಸ್, ಕೂಪರ್ ಮತ್ತು ರೋಡ್ಸ್ ಎಂಬವರು ಅದನ್ನು ಗಣಿತದ ಚೌಕಟ್ಟಿಗೆ ತಂದರು. ಎಲ್ಲೆಯನ್ನು ಪ್ರಕೃತಿ ಕೊಡದಿದ್ದರೆ, ಇರುವವರಲ್ಲಿ ಮುಂದಿರುವವರೇ ಎಲ್ಲೆ!

ಮೂರು ಪ್ರಾಂತಗಳು ಸಮಾನ ಬೆಲೆಯ ಸರಕನ್ನು ತಯಾರಿಸುತ್ತವೆಂದು ಭಾವಿಸೋಣ. ಹೊಗೆಯ ಶುದ್ಧಿಗೆಂದು ಮೊದಲನೆಯದು 2 ಕೋಟಿ ವೆಚ್ಚಮಾಡಿ 6 ಸಾವಿರ ಟನ್ ಗಂಧಕದ ಡೈಆಕ್ಸೈಡನ್ನು ಬಿಡುತ್ತದೆ. ಎರಡನೆಯದು 6 ಕೋಟಿ ವೆಚ್ಚಮಾಡಿ 2 ಸಾವಿರ ಟನ್. ಮೂರನೆಯದು 5 ಕೋಟಿ, 5 ಸಾವಿರ ಟನ್. ಇವನ್ನು ನಕ್ಷೆಯ ಮೇಲೆ ಮೂರು ಚುಕ್ಕೆಗಳಾಗಿ ಗುರುತಿಸಿ, ಮೊದಲೆರಡನ್ನು ಒಂದು ಗೆರೆಯಿಂದ ಕೂಡಿಸಿರಿ. ಮೂಲಬಿಂದುವಿನಿಂದ ಮೂರನೆಯ ಚುಕ್ಕೆಗೆ ಹೋಗುವ ರೇಖೆಯು ಆ ಗೆರೆಯನ್ನು 4 ಕೋಟಿ, 4 ಸಾವಿರ ಟನ್ ಎಂಬಲ್ಲಿ ಕತ್ತರಿಸುತ್ತದೆ. ಆದ್ದರಿಂದ ಮೂರನೆಯದರ ದಕ್ಷತೆ 4/5, ಎಂದರೆ 0.8, ಉಳಿದೆರಡರದು 1. ಮೂರುಪಟ್ಟು ಹೊಗೆ ಬಿಟ್ಟ ಮೊದಲನೆಯದಕ್ಕೂ ಪೂರ್ಣಾಂಕವೇ ದೊರೆತುದನ್ನು ವಾಚಕರು ಗಮನಿಸಬೇಕು. ತರಗತಿಗೆ ಮೊದಲಿಗನಾದವನು ಪಾಠವನ್ನೆಲ್ಲ ಬಲ್ಲನೆಂದು ಹೇಳಲಾದೀತೆ?

ಈ ಅಳತೆಗೋಲನ್ನು ಬಹಳವಾಗಿ ಬಳಸಿರುವುದು ಚೀನದ ಪ್ರಾಂತಗಳ ಮೇಲೆ. 2006ರಲ್ಲಿ ಆ ದೇಶವು ಗಾಳಿಗೆ ಬಿಟ್ಟ ಗಂಧಕದ ಡೈಆಕ್ಸೈಡು ಸುಮಾರು 2 ಕೋಟಿ 59 ಲಕ್ಷ ಟನ್. ಇಂಥ ಲೆಕ್ಕಗಳಲ್ಲಿ ಬೀಜಿಂಗ್ ಸಾಮಾನ್ಯವಾಗಿ ಮೇಲಿನ ಸಾಲಿನಲ್ಲಿರುತ್ತದೆ. ಆ ನಗರವು ಕಲ್ಲಿದ್ದಲನ್ನು ಬಿಟ್ಟು ಅನಿಲಕ್ಕೆ ತಿರುಗಿದ್ದು ನಿಜವಾದ ಸಾಧನೆಯೇ. ಆದರೆ ಅದರ ಪಶ್ಚಿಮದಂಚಿನಲ್ಲಿದ್ದ ಶೌಗಾಂಗ್ ಉಕ್ಕಿನ ಕಾರ್ಖಾನೆಯ ಕಥೆಯೇ ಬೇರೆ. 2010ರ ಕೊನೆಗೆ ಅಲ್ಲಿಯ ಕುಲುಮೆಗಳು ಆರಿದವು. ಉಕ್ಕಿನ ತಯಾರಿಕೆಯು ನೆರೆಯ ಹೆಬೇ ಪ್ರಾಂತದ ಕಡಲತೀರಕ್ಕೆ ಹೋಯಿತು. ಹೊಸ ಕಾರ್ಖಾನೆಯ ಯಂತ್ರಗಳು ಹಳೆಯವುಗಳಿಗಿಂತ ಉತ್ತಮವಾದುವು, ಒಪ್ಪತಕ್ಕದ್ದೆ. ಆದರೂ ಬೀಜಿಂಗಿನ ಖಾತೆಯಿಂದ ಅಳಿಸಿದ ಹೊಗೆಯಲ್ಲಿ ಉಳಿದಷ್ಟು ಹೆಬೇಯ ಖಾತೆಗೆ ಏರಿತು. ಒಂದರ ಅಂಕ ಏರಲು, ಇನ್ನೊಂದರದು ಇಳಿಯಲು ಇಷ್ಟೇ ಸಾಕು.

ಗಾಳಿಗೆ ಈ ಖಾತೆಗಳ ಪರಿವೆಯಿಲ್ಲ. ಬೀಜಿಂಗ್ ಮತ್ತು ತಿಯಾಂಜಿನ್ ನಗರಗಳನ್ನು ಹೆಬೇ ಸುತ್ತುವರಿದಿದೆ. ಒಂದರ ಹೊಗೆಯನ್ನು ಇನ್ನೊಂದು ಉಸಿರಾಡುತ್ತದೆ. 2013ರಲ್ಲಿ ಚೀನದ ಸರ್ಕಾರವು ಮೂರನ್ನೂ ಒಂದೇ ಪ್ರದೇಶವೆಂದು ಎಣಿಸಿ, ಗಾಳಿಯಲ್ಲಿನ ಸೂಕ್ಷ್ಮ ಧೂಳನ್ನು 2017ರೊಳಗೆ ನೂರಕ್ಕೆ 25ರಷ್ಟು ತಗ್ಗಿಸಬೇಕೆಂದು ಗುರಿಯಿಟ್ಟಿತು. ಬೀಜಿಂಗಿನಲ್ಲಿ ಘನಮೀಟರಿಗೆ 89.5 ಮೈಕ್ರೊಗ್ರಾಂ ಇದ್ದ ಆ ಧೂಳಿನ ವಾರ್ಷಿಕ ಸರಾಸರಿಯು ಆ ಅವಧಿಯಲ್ಲಿ 58ಕ್ಕೆ ಇಳಿಯಿತು.