ಗಣಿಗಾರಿಕೆ ಮುಗಿದ ಭೂಮಿಯ ಪುನಶ್ಚೇತನ: ಮೊದಲು ಮಣ್ಣು ಮತ್ತು ನೀರು, ನಂತರ ಹುಲ್ಲು, ಬಳಿಕ ಮರ

ಗಣಿಗಾರಿಕೆ ನಿಂತ ಮಾತ್ರಕ್ಕೆ ಅದರ ಪರಿಣಾಮ ನಿಲ್ಲುವುದಿಲ್ಲ. ಅದಿರು ತೆಗೆದ ಗುಂಡಿ, ಪಕ್ಕದಲ್ಲಿ ಸುರಿದ ತ್ಯಾಜ್ಯ ಮಣ್ಣಿನ ದಿಬ್ಬ, ಲಾರಿಗಳು ಓಡಾಡಿದ ಹಾದಿ, ಇವು ಗುತ್ತಿಗೆದಾರರು ಹೊರಟುಹೋದ ನಂತರವೂ ಪ್ರತಿ ಮಳೆಗಾಲದಲ್ಲಿ ಕೆಳಗಿನ ಹೊಲ, ಹಳ್ಳ ಮತ್ತು ಕೆರೆಗಳಿಗೆ ಕೆಂಪು ಹೂಳನ್ನು ಕಳುಹಿಸುತ್ತಲೇ ಇರುತ್ತವೆ. ಇಂತಹ ಭೂಮಿಯನ್ನು ಸ್ಥಿರಗೊಳಿಸಿ, ಮರಳಿ ಹಸಿರಾಗಿಸಿ, ವನ್ಯಜೀವಿಗಳಿಗೂ ಸುತ್ತಲಿನ ಗ್ರಾಮಸ್ಥರಿಗೂ ಉಪಯುಕ್ತವಾಗುವಂತೆ ಮಾಡುವ ಕಾರ್ಯವೇ ಪುನಶ್ಚೇತನ. ಸಸಿ ನೆಟ್ಟರೆ ಪುನಶ್ಚೇತನ ಆದಂತೆ ಎಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಸಸಿ ನೆಡುವುದು ಈ ಕಾರ್ಯದ ಕೊನೆಯ ಹಂತಗಳಲ್ಲಿ ಒಂದು. ಬಳ್ಳಾರಿ ಜಿಲ್ಲೆಯ ಸಂಡೂರು ಬೆಟ್ಟಸಾಲನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡು ಈ ವಿಷಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

2000ದ ದಶಕದಲ್ಲಿ ವಿದೇಶಗಳಲ್ಲಿ, ವಿಶೇಷವಾಗಿ ಚೀನಾದಲ್ಲಿ, ಕಬ್ಬಿಣದ ಅದಿರಿಗೆ ಬೇಡಿಕೆ ಹೆಚ್ಚಿದಂತೆ ಅಂದಿನ ಅವಿಭಜಿತ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯು ಮಿತಿ ಮೀರಿ ಬೆಳೆಯಿತು. ಗುತ್ತಿಗೆಯ ಗಡಿಯನ್ನು ದಾಟಿ ಅದಿರು ತೆಗೆಯುವುದು, ತ್ಯಾಜ್ಯ ಮಣ್ಣನ್ನು ಗುತ್ತಿಗೆ ಪ್ರದೇಶದ ಹೊರಗಿನ ಅರಣ್ಯದ ಇಳಿಜಾರಿಗೆ ಸುರಿಯುವುದು ಇವೆರಡೂ ನಡೆದವು. 2011ರ ಜುಲೈ ತಿಂಗಳಿನಲ್ಲಿ ಲೋಕಾಯುಕ್ತರು ಸರ್ಕಾರಕ್ಕೆ ವರದಿ ಸಲ್ಲಿಸಿದರು. ಅದೇ ತಿಂಗಳ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯಲ್ಲಿಯೂ, ಆಗಸ್ಟ್‌ನಲ್ಲಿ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲಿಯೂ ಗಣಿಗಾರಿಕೆಯನ್ನು ತಡೆಹಿಡಿಯಿತು.

ನಂತರ ಈ ಮೂರು ಜಿಲ್ಲೆಗಳ 166 ಗುತ್ತಿಗೆಗಳನ್ನು ಉಲ್ಲಂಘನೆಯ ಪ್ರಮಾಣಕ್ಕೆ ಅನುಗುಣವಾಗಿ ‘ಎ’, ‘ಬಿ’, ‘ಸಿ’ ಎಂದು ವಿಂಗಡಿಸಲಾಯಿತು. ‘ಎ’ ವರ್ಗದಲ್ಲಿ 45, ‘ಬಿ’ ವರ್ಗದಲ್ಲಿ 72, ‘ಸಿ’ ವರ್ಗದಲ್ಲಿ 49 ಗುತ್ತಿಗೆಗಳಿದ್ದವು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ‘ಸಿ’ ವರ್ಗದ ಗುತ್ತಿಗೆಗಳು ರದ್ದಾದವು. ಉಳಿದ ಗಣಿಗಳಿಗೆ ಪುನಶ್ಚೇತನ ಮತ್ತು ಪುನರ್ವಸತಿ ಯೋಜನೆಯ ಷರತ್ತನ್ನು ವಿಧಿಸಲಾಯಿತು. ಈ ಯೋಜನೆಗಳನ್ನು ಡೆಹ್ರಾಡೂನಿನ ಭಾರತೀಯ ಅರಣ್ಯ ಸಂಶೋಧನೆ ಮತ್ತು ಶಿಕ್ಷಣ ಪರಿಷತ್ತು ಗಣಿವಾರು ಸಿದ್ಧಪಡಿಸಿತು. ಗಣಿಯ ಗಡಿಯ ಹೊರಗಿನ ಹಳ್ಳಿಗಳಲ್ಲಿ ಕೈಗೊಳ್ಳಬೇಕಾದ ಕಾರ್ಯಗಳಿಗಾಗಿ 2014ರಲ್ಲಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮವನ್ನು ಸ್ಥಾಪಿಸಲಾಯಿತು.

ಮೊದಲ ಕೆಲಸ: ದಿಬ್ಬ ಮತ್ತು ನೀರು

ತ್ಯಾಜ್ಯ ದಿಬ್ಬವೆಂದರೆ ಅದಿರಿನ ಮೇಲೆ ಮತ್ತು ನಡುವೆ ಇದ್ದ, ಮಾರಾಟಕ್ಕೆ ಬಾರದ ಕಲ್ಲುಮಣ್ಣಿನ ರಾಶಿ. ಅದನ್ನು ಲಾರಿಯಿಂದ ಸುರಿದಾಗ ಅದು ತನ್ನಷ್ಟಕ್ಕೆ ನಿಲ್ಲುವ ಇಳಿಜಾರು ಬಹಳ ಕಡಿದಾಗಿರುತ್ತದೆ. ಅಂತಹ ಇಳಿಜಾರಿನಲ್ಲಿ ಬೀಜವೂ ನಿಲ್ಲದು, ಮಣ್ಣೂ ನಿಲ್ಲದು. ಆದುದರಿಂದ ದಿಬ್ಬವನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ, ಒಟ್ಟು ಇಳಿಜಾರು ಸಾಮಾನ್ಯವಾಗಿ 28 ಡಿಗ್ರಿ ಮೀರದಂತೆ ತಗ್ಗಿಸಲಾಗುತ್ತದೆ. ಪ್ರತಿ ಮೆಟ್ಟಿಲನ್ನೂ ಒಳಮುಖವಾಗಿ ತುಸು ಓರೆ ಮಾಡಿದರೆ ಮಳೆನೀರು ಅಂಚಿನಿಂದ ಧುಮುಕದೆ ಒಳಬದಿಯ ಕಾಲುವೆಗೆ ಸೇರುತ್ತದೆ.

ಎರಡನೆಯದು ದಿಬ್ಬದ ಸುತ್ತ ತೋಡುವ ಸುತ್ತುಗಾಲುವೆ. ಮೇಲಿನ ಬೆಟ್ಟದಿಂದ ಬರುವ ಶುದ್ಧ ನೀರು ದಿಬ್ಬವನ್ನು ಮುಟ್ಟದೆಯೇ ಹಳ್ಳ ಸೇರಬೇಕು. ದಿಬ್ಬದ ಮೇಲೆಯೇ ಬಿದ್ದ ನೀರು ಮಾತ್ರ ಹೂಳುತೊಟ್ಟಿಗೆ ಹೋಗಿ, ಮಣ್ಣು ತಳಕ್ಕಿಳಿದ ನಂತರ ಹೊರಬೀಳಬೇಕು. ದಿಬ್ಬದ ಬುಡದಲ್ಲಿ ಕಲ್ಲಿನ ತಡೆಗೋಡೆ, ಕೊರಕಲುಗಳಿಗೆ ಅಡ್ಡಲಾಗಿ ಸಣ್ಣ ಕಲ್ಲುತಡೆಗಳು, ಅವುಗಳ ಕೆಳಗೆ ಹಳ್ಳದಲ್ಲಿ ತಂತಿಬಲೆಯೊಳಗೆ ಕಲ್ಲು ತುಂಬಿದ ಒಡ್ಡುಗಳು ಅಥವಾ ಚೆಕ್ ಡ್ಯಾಂಗಳು ಬರುತ್ತವೆ. ಕೆಲಸವು ಮೇಲಿನಿಂದ ಕೆಳಕ್ಕೆ ಸಾಗುವುದು ಸೂಕ್ತ. ಮೇಲಿನ ಕಾಲುವೆಯಿಲ್ಲದೆ ಕೆಳಗೆ ಒಡ್ಡನ್ನು ಕಟ್ಟಿದರೆ ಅದು ಒಂದೆರಡು ಮಳೆಗಾಲಗಳಲ್ಲಿಯೇ ತುಂಬಿಹೋಗುತ್ತದೆ.

ತುಂಬಿದ ಒಡ್ಡು ಇಲ್ಲದ ಒಡ್ಡಿಗೆ ಸಮಾನ. ಪ್ರತಿ ವರ್ಷ ಮುಂಗಾರಿಗೆ ಮುನ್ನ ಹೂಳು ತೆಗೆಯುವುದು ಕಾಮಗಾರಿಯ ಅವಿಭಾಜ್ಯ ಅಂಗವಾಗಿದ್ದು, ಕಟ್ಟಿದ ಒಡ್ಡುಗಳ ಸಂಖ್ಯೆಗಿಂತ ಈ ನಿರ್ವಹಣೆಯೇ ಹೆಚ್ಚು ಮುಖ್ಯ. ರೈತರು ಹಿಂದಿನಿಂದಲೂ ಕೆರೆಗೋಡನ್ನು ಗಾಡಿಗಳಲ್ಲಿ ಹೊಲಕ್ಕೆ ಸಾಗಿಸುತ್ತಾ ಬಂದಿದ್ದಾರೆ. ಗಣಿಯಿಂದ ಬಂದ, ಅದಿರಿನ ಪುಡಿ ಬೆರೆತ ಹೂಳು ಆ ಉಪಯೋಗಕ್ಕೆ ಬರುವುದಿಲ್ಲ. ಹೀಗಾಗಿ ಒಂದು ಕೆರೆ ಅಂತಹ ಹೂಳಿನಿಂದ ತುಂಬಿದಾಗ ಊರು ನೀರನ್ನೂ ಕಳೆದುಕೊಳ್ಳುತ್ತದೆ, ಗೊಬ್ಬರವನ್ನೂ ಕಳೆದುಕೊಳ್ಳುತ್ತದೆ.

ಮೇಲ್ಮಣ್ಣು, ಹುಲ್ಲು ಮತ್ತು ಮರಗಳು

ಗಣಿ ತೆರೆಯುವಾಗ ಮೊದಲು ಕೆರೆದು ತೆಗೆಯುವ ಒಂದೆರಡು ಅಡಿ ಮಣ್ಣಿನಲ್ಲಿ ಸ್ಥಳೀಯ ಹುಲ್ಲು ಮತ್ತು ಗಿಡಗಳ ಬೀಜಗಳು, ಬೇರುಗಳು, ಸೂಕ್ಷ್ಮಜೀವಿಗಳು ಇರುತ್ತವೆ. ಇದನ್ನು ಪ್ರತ್ಯೇಕವಾಗಿ, ಎತ್ತರವಿಲ್ಲದ ರಾಶಿಯಾಗಿ ಕಾಪಾಡಿ, ಆದಷ್ಟು ಬೇಗ ಮರಳಿ ಹರಡಬೇಕು. ಎತ್ತರದ ರಾಶಿಯಲ್ಲಿ ಹಲವು ವರ್ಷ ಬಿದ್ದಿದ್ದರೆ ಗಾಳಿಯಿಲ್ಲದೆ ಅದರ ಜೀವಾಂಶ ನಶಿಸುತ್ತದೆ. ಸಂಡೂರಿನ ಹಳೆಯ ದಿಬ್ಬಗಳಲ್ಲಿ ಮೇಲ್ಮಣ್ಣು ಕಲ್ಲುಮಣ್ಣಿನೊಡನೆ ಬೆರೆತುಹೋಗಿದ್ದರೆ ಅಲ್ಲಿ ಕೊಟ್ಟಿಗೆ ಗೊಬ್ಬರ ಮತ್ತು ಹಸಿರೆಲೆ ಗೊಬ್ಬರದಿಂದ ಮಣ್ಣನ್ನು ಹೊಸದಾಗಿ ಕಟ್ಟಬೇಕಾಗುತ್ತದೆ.

ಇಳಿಜಾರಿನ ಮೇಲೆ ತೆಂಗಿನ ನಾರಿನ ಚಾಪೆಯನ್ನು ಹಾಸಿ ಹುಲ್ಲಿನ ಬೀಜವನ್ನು ಬಿತ್ತಲಾಗುತ್ತದೆ. ನಾರು ಕೆಲವು ವರ್ಷಗಳಲ್ಲಿ ಕೊಳೆತು ಮಣ್ಣಾಗುವಷ್ಟರಲ್ಲಿ ಹುಲ್ಲಿನ ಬೇರು ಹಿಡಿತ ಸಾಧಿಸಿರುತ್ತದೆ. ಮೆಟ್ಟಿಲುಗಳ ಅಂಚಿಗೆ ಆಳವಾಗಿ ಬೇರೂರುವ ಲಾವಂಚ ಉಪಯುಕ್ತ. ಹುಲ್ಲಿಗೆ ಆದ್ಯತೆ ನೀಡಲು ಕಾನೂನಿನ ಬಲವೂ ಇದೆ. ಗಣಿಗಾರಿಕೆ ಮುಗಿದ ಪ್ರದೇಶದಲ್ಲಿ ಮೇವು, ಸಸ್ಯ ಮತ್ತು ಪ್ರಾಣಿಗಳಿಗೆ ಯೋಗ್ಯವಾಗುವಂತೆ ಗುತ್ತಿಗೆದಾರರು ಮರಳಿ ಹುಲ್ಲು ಬೆಳೆಸಬೇಕೆಂಬ ಷರತ್ತನ್ನು ವಿಧಿಸುವಂತೆ ಸರ್ವೋಚ್ಚ ನ್ಯಾಯಾಲಯವು 2020ರ ಜನವರಿ 8ರಂದು ಕೇಂದ್ರ ಸರ್ಕಾರಕ್ಕೆ ನಿರ್ದೇಶನ ನೀಡಿತು.

ಹುಲ್ಲು ನೆಲೆಯೂರಿದ ನಂತರ ಪೊದೆಗಳು ಮತ್ತು ಮರಗಳು. ಒಣ ಎಲೆಯುದುರು ಕಾಡಿನ ಈ ಪ್ರದೇಶಕ್ಕೆ ಕಮರ, ದಿಂಡಿಗ, ಕಗ್ಗಲಿ, ಹೊಂಗೆ, ಬೇವು, ಬಂದರಿಕೆ ಮುಂತಾದವು ಹೊಂದುತ್ತವೆ. ಕವಳೆ, ಎಲಚಿ, ಸೀತಾಫಲದಂತಹ ಹಣ್ಣಿನ ಗಿಡಗಳನ್ನು ಬಿಡುವಂತಿಲ್ಲ. ಸಮೀಪದ ದರೋಜಿಯಲ್ಲಿ 1994ರಿಂದ ಕರಡಿಧಾಮವಿದ್ದು, ಈ ಬೆಟ್ಟಗಳ ಕರಡಿಗಳಿಗೆ ಇಂತಹ ಹಣ್ಣುಗಳು ಮುಖ್ಯ ಆಹಾರ. ಸೀತಾಫಲವು ಗ್ರಾಮಸ್ಥರಿಗೂ ಆದಾಯ ತರುತ್ತದೆ. ಬೇಗ ಹಸಿರು ಕಾಣಿಸಬೇಕೆಂಬ ಅವಸರದಲ್ಲಿ ನೀಲಗಿರಿ, ಅಕೇಶಿಯಾಗಳನ್ನಷ್ಟೇ ನೆಟ್ಟರೆ ದೂರದಿಂದ ಕಾಡಿನಂತೆ ಕಂಡರೂ ಅದರ ಕೆಳಗೆ ಜಾನುವಾರು ಮೇಯಲು ಹೆಚ್ಚೇನೂ ಬೆಳೆಯುವುದಿಲ್ಲ. ಯಾರೂ ನೆಡದಿದ್ದರೂ ಖಾಲಿ ಜಾಗವನ್ನು ಮೊದಲು ಹಿಡಿಯುವುದು ಬಳ್ಳಾರಿ ಜಾಲಿ. ಹೆಸರು ಈ ಜಿಲ್ಲೆಯದಾದರೂ ಅದರ ತವರು ಅಮೆರಿಕ ಖಂಡ. ಅದನ್ನು ಚಿಕ್ಕದಿರುವಾಗಲೇ ಬೇರುಸಹಿತ ಕೀಳದಿದ್ದರೆ ಉಳಿದ ಶ್ರಮವೆಲ್ಲ ವ್ಯರ್ಥವಾದೀತು.

ಎಲ್ಲೆಡೆ ಮರವೇ ಉತ್ತರವಲ್ಲ

ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದಲ್ಲಿ ಪರಿಸ್ಥಿತಿ ಬೇರೆ. ಅಲ್ಲಿನ ಕಬ್ಬಿಣದ ಅದಿರಿನ ಗಣಿಯು ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನಂತೆ 2005ರ ಡಿಸೆಂಬರ್ 31ರಂದು ಸ್ಥಗಿತಗೊಂಡಿತು. ಸಂಡೂರಿಗಿಂತ ಹಲವು ಪಟ್ಟು ಹೆಚ್ಚು ಮಳೆ ಬೀಳುವ ಆ ಬೆಟ್ಟಗಳ ಸಹಜ ಹೊದಿಕೆಯೇ ಹುಲ್ಲುಗಾವಲು. ಕಣಿವೆಗಳಲ್ಲಿ ಮಾತ್ರ ಶೋಲಾ ಕಾಡು. ಭದ್ರಾ ನದಿಗೆ ನೀರನ್ನು ನಿಧಾನವಾಗಿ ಬಿಟ್ಟುಕೊಡುವುದರಲ್ಲಿ ಈ ಹುಲ್ಲು ಮತ್ತು ಶೋಲಾಗಳೆರಡಕ್ಕೂ ಪಾಲಿದೆ. ಇಂತಹ ಕಡೆ ಹುಲ್ಲಿನ ಗುಡ್ಡದ ಮೇಲೆ ಹೊರಗಿನ ಮರಗಳನ್ನು ತುಂಬುವುದು ಮತ್ತೊಂದು ಬಗೆಯ ಹಾನಿಯಾಗುತ್ತದೆ. ಗಣಿಗೆ ಮುನ್ನ ಏನಿತ್ತು ಎಂಬುದನ್ನು ಪಕ್ಕದ ಅಖಂಡ ಗುಡ್ಡವನ್ನು ನೋಡಿ ಗುರುತಿಸಿಕೊಂಡು ಯೋಜನೆಯನ್ನು ಆರಂಭಿಸಬೇಕು.

ಗ್ರಾಮಸ್ಥರು ತಿಳಿದಿರಬೇಕಾದ ವಿಷಯಗಳು

ಹುಲ್ಲು ಬಿತ್ತಿದ ಇಳಿಜಾರಿಗೆ ಮೊದಲ ಕೆಲವು ವರ್ಷ ಜಾನುವಾರು ಬಿಡಬಾರದು. ಗೊರಸಿನ ತುಳಿತಕ್ಕೆ ಸಡಿಲ ಮಣ್ಣು ಜಾರಿ, ಮೆಟ್ಟಿಲಿನ ಅಂಚು ಒಡೆಯುತ್ತದೆ. ಆದರೆ ಮೇವಿಗೆ ಬೇರೆ ದಾರಿಯಿಲ್ಲದ ಕುರಿಗಾಹಿಗಳಿಗೆ ನಿರ್ಬಂಧವನ್ನಷ್ಟೇ ಹೇಳಿದರೆ ಅದು ಪಾಲನೆಯಾಗುವುದಿಲ್ಲ. ಹುಲ್ಲನ್ನು ಕೊಯ್ದು ಹೊತ್ತೊಯ್ಯಲು ಅವಕಾಶ ನೀಡಿ, ಸರದಿಯನ್ನು ಗ್ರಾಮ ಅರಣ್ಯ ಸಮಿತಿಯ ಮೂಲಕ ನಿಗದಿಪಡಿಸಿದರೆ ಕಾವಲೂ ಸುಲಭ, ಬೇಸಿಗೆಯ ಬೆಂಕಿಯ ಭಯವೂ ಕಡಿಮೆ. ನೀರು ನಿಂತ ಗಣಿಗುಂಡಿಗಳ ಅಂಚು ಕಡಿದಾಗಿದ್ದು, ಒಳಗಿಳಿದವರಿಗೆ ಮೇಲೆ ಹತ್ತಲು ಹಿಡಿತ ಸಿಗುವುದಿಲ್ಲ. ಬೇಲಿಯಿಲ್ಲದ ಗುಂಡಿಗಳಲ್ಲಿ ಮಕ್ಕಳು ಈಜಲು ಇಳಿಯದಂತೆ ನೋಡಿಕೊಳ್ಳಬೇಕು.

2017ರ ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳ ಪ್ರಕಾರ, ಗಣಿಯನ್ನು ಮುಚ್ಚುವ ಎರಡು ವರ್ಷ ಮೊದಲೇ ಗುತ್ತಿಗೆದಾರರು ಅಂತಿಮ ಗಣಿ ಮುಚ್ಚುವಿಕೆ ಯೋಜನೆಯನ್ನು ಸಲ್ಲಿಸಬೇಕಾಗುತ್ತದೆ. 2015ರ ತಿದ್ದುಪಡಿಯಂತೆ ರಚಿತವಾದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯನ್ನು ಗಣಿಬಾಧಿತ ಗ್ರಾಮಗಳ ಕುಡಿಯುವ ನೀರು, ಆರೋಗ್ಯ, ಪರಿಸರ ಮುಂತಾದ ಕಾರ್ಯಗಳಿಗೆ ಬಳಸಲಾಗುತ್ತದೆ.

2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯಡಿ ಅನುಮತಿ ಪಡೆದ ಗಣಿಗಳು ಷರತ್ತುಗಳ ಪಾಲನೆಯ ಕುರಿತು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ರಂದು ಅರ್ಧವಾರ್ಷಿಕ ವರದಿಯನ್ನು ಸಲ್ಲಿಸಬೇಕು. ಈ ವರದಿಗಳು ಸಾರ್ವಜನಿಕ ದಾಖಲೆಗಳು. ಕೆರೆಗೆ ಹೂಳು ಬರುತ್ತಿದ್ದರೆ, ಹೂಳುತೊಟ್ಟಿಗಳನ್ನು ಸ್ವಚ್ಛಗೊಳಿಸಲಾಗಿದೆ ಎಂದು ವರದಿಯಲ್ಲಿ ಬರೆದಿದೆಯೇ ಎಂಬುದನ್ನು ಗ್ರಾಮ ಪಂಚಾಯಿತಿಯು ಪ್ರತಿ ಪಡೆದು ಪರಿಶೀಲಿಸಬಹುದು. ಸ್ಥಳದ ಸ್ಥಿತಿಯು ವರದಿಗೆ ಹೊಂದದಿದ್ದಲ್ಲಿ, ಮೊದಲ ಮಳೆಯ ದಿನಗಳಲ್ಲಿ ತೆಗೆದ ಛಾಯಾಚಿತ್ರಗಳೊಡನೆ ಜಿಲ್ಲಾಧಿಕಾರಿಗಳಿಗೆ ಮತ್ತು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತ ದೂರನ್ನು ಸಲ್ಲಿಸಬಹುದಾಗಿದೆ.